ಮನೆಯ ಆದಾಯ ಇಳಿದಾಗ ಅಮೆರಿಕದ ಕಾಲೇಜಿನಲ್ಲಿ ಫೈನಾನ್ಷಿಯಲ್ ಏಡ್ ಮರುಪರಿಶೀಲನೆ ಕೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮಗ ಅಥವಾ ಮಗಳು ಅಮೆರಿಕದಲ್ಲಿ ಕಾಲೇಜು ಓದುತ್ತಿರುವಾಗಲೇ ಅಪ್ಪನದೋ ಅಮ್ಮನದೋ ಕೆಲಸ ಹೋದರೂ ಕಾಲೇಜಿನ ಬಿಲ್ಲು ಹಳೆಯ ಸಂಬಳದ ಲೆಕ್ಕದಲ್ಲೇ ಬರುತ್ತದೆ. ಅಲ್ಲಿನ ನಮ್ಮ ಕುಟುಂಬಗಳು ಆಗ ಉಳಿತಾಯ ಕರಗಿಸುತ್ತವೆ, ನಿವೃತ್ತಿಗೆಂದು ಕೂಡಿಟ್ಟ 401(ಕೆ) ಖಾತೆಗೆ ಕೈ ಹಾಕುತ್ತವೆ, ಊರಲ್ಲಿರುವ ಸೈಟು ಮಾರುವ ಮಾತಾಡುತ್ತವೆ. ಕಾಲೇಜಿನ ಏಡ್ (ಹಣಕಾಸಿನ ನೆರವು) ಆಫೀಸಿಗೆ ಹೋಗಿ "ನಮ್ಮ ಪರಿಸ್ಥಿತಿ ಬದಲಾಗಿದೆ, ಇನ್ನೊಮ್ಮೆ ಲೆಕ್ಕ ಹಾಕಿ" ಎಂದು ಕೇಳುವವರು ಕಡಿಮೆ. ಕೈ ಚಾಚಿದ ಹಾಗಾಗುತ್ತದೆ ಎಂಬ ಸಂಕೋಚ.

ಆ ಸಂಕೋಚಕ್ಕೆ ಕಾರಣವಿಲ್ಲ. 1965ರ ಹೈಯರ್ ಎಜುಕೇಷನ್ ಆಕ್ಟ್‌ನ 479ಎ ಸೆಕ್ಷನ್, ಕಾಲೇಜಿನ ಏಡ್ ಅಧಿಕಾರಿಗೆ ಒಂದು ಕುಟುಂಬದ ಲೆಕ್ಕವನ್ನು ತಿದ್ದುವ ಅಧಿಕಾರ ಕೊಟ್ಟಿದೆ. ಇದನ್ನು ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಹೀಗೆ ಕೇಳಬಹುದು ಎಂಬುದನ್ನು ಕಾಲೇಜು ಎಲ್ಲರಿಗೂ ಕಾಣುವಂತೆ ತಿಳಿಸಬೇಕು. "ನಾವು ಯಾರ ಅರ್ಜಿಯನ್ನೂ ನೋಡುವುದಿಲ್ಲ" ಎಂಬ ನಿಯಮ ಮಾಡಿಕೊಳ್ಳಲು ಅದಕ್ಕೆ ಅವಕಾಶವಿಲ್ಲ. ಆದರೆ ಅಧಿಕಾರಿ ತಾನಾಗಿ ನಿಮ್ಮ ಕಷ್ಟ ಊಹಿಸಿಕೊಂಡು ಬರುವುದಿಲ್ಲ. ನೀವು ಕೇಳಬೇಕು, ಕಾಗದ ತೋರಿಸಬೇಕು. ಅದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಲೆಕ್ಕ ತಪ್ಪುವುದು ಎಲ್ಲಿ?

ಫೆಡರಲ್ ನೆರವಿಗೆ ತುಂಬುವ ಅರ್ಜಿ ಫಾಫ್ಸಾ. ಅದು ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್. 2026-27ರ ಕಾಲೇಜು ವರ್ಷಕ್ಕೆ 2024ರ ಆದಾಯ, 2027-28ಕ್ಕೆ 2025ರ ಆದಾಯ. ಅದರಿಂದ ಎಸ್‌ಎಐ, ಅಂದರೆ ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂಬ ಸಂಖ್ಯೆ ಬರುತ್ತದೆ. ಕಾಲೇಜಿನ ಒಟ್ಟು ಖರ್ಚಿನಲ್ಲಿ ಎಸ್‌ಎಐ ಕಳೆದರೆ ಉಳಿಯುವುದೇ ನಿಮ್ಮ 'ಅಗತ್ಯ'. 2024-25ಕ್ಕೆ ಮುಂಚೆ ಇದೇ ಜಾಗದಲ್ಲಿ ಇಎಫ್‌ಸಿ (ಎಕ್ಸ್‌ಪೆಕ್ಟೆಡ್ ಫ್ಯಾಮಿಲಿ ಕಾಂಟ್ರಿಬ್ಯೂಷನ್) ಎಂಬ ಸಂಖ್ಯೆ ಇತ್ತು. ಹಳೆಯ ಸಲಹೆಗಳನ್ನು ಓದುವಾಗ ಇದು ನೆನಪಿರಲಿ.

2026ರ ಮಾರ್ಚ್‌ನಲ್ಲಿ ಕೆಲಸ ಹೋಯಿತು ಅಂದುಕೊಳ್ಳಿ. ನೀವು ಸುಮ್ನೆ ಕೂತರೆ ಆ ನಷ್ಟ ಫಾಫ್ಸಾದಲ್ಲಿ ಕಾಣುವುದು 2028-29ರಲ್ಲಿ. ಅಲ್ಲಿಯವರೆಗೆ ಎರಡು ಕಾಲೇಜು ವರ್ಷ ಪೂರ್ತಿ ಸಂಬಳದ ಲೆಕ್ಕದಲ್ಲೇ ನಡೆಯುತ್ತದೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಎರಡು ವರ್ಷ ಅಂದರೆ ಅರ್ಧ. ಅದಕ್ಕೇ ಕೇಳುವುದು ಮುಖ್ಯ.

ಒಂದು ತಪ್ಪು ಮಾತ್ರ ಮಾಡಬೇಡಿ. ಕೆಲಸ ಹೋಗಿದೆ ಅಂತ ಫಾಫ್ಸಾದಲ್ಲಿ ನೀವೇ ಈ ವರ್ಷದ ಆದಾಯ ಬರೆಯಬಾರದು. ಕೇಳಿದ ವರ್ಷದ ಅಂಕಿಯೇ ಅಲ್ಲಿರಬೇಕು. ತಿದ್ದುವುದು ಏಡ್ ಆಫೀಸಿನ ಕೆಲಸ. ಫಾಫ್ಸಾ ಇನ್ನೂ ತುಂಬಿಲ್ಲವೆಂದರೆ ಮೊದಲು ಅದನ್ನು ತುಂಬಿ, ಆಮೇಲೆ ಮರುಪರಿಶೀಲನೆ ಕೇಳಿ.

ಹಂತ 1: ನಿಮಗೆ ಯಾವ ಬಾಗಿಲು ತೆರೆದಿದೆ ನೋಡಿ

ಫೆಡರಲ್ ನೆರವು ಸಿಗುವುದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಇಲ್ಲಿ ನೋಡುವುದು ವಿದ್ಯಾರ್ಥಿಯ ಸ್ಥಿತಿಯನ್ನು, ಅಪ್ಪ ಅಮ್ಮನದ್ದನ್ನಲ್ಲ. ನೀವು ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದರೂ ಮಗಳು ಅಮೆರಿಕದಲ್ಲೇ ಹುಟ್ಟಿದವಳಾದರೆ ಅವಳಿಗೆ ಫೆಡರಲ್ ನೆರವಿನ ಬಾಗಿಲು ತೆರೆದೇ ಇದೆ. ಬೆಂಗಳೂರಲ್ಲಿ ಹುಟ್ಟಿ ಎಚ್-4ನಲ್ಲಿ (ಎಚ್-1ಬಿಯವರ ಕುಟುಂಬದ ವೀಸಾ) ಬಂದ ಮಗನಿಗೆ ಅದು ಇಲ್ಲ. ಅವನಿಗೆ ಉಳಿಯುವುದು ಕಾಲೇಜು ತನ್ನ ಸ್ವಂತ ಹಣದಿಂದ ಕೊಡುವ ನೆರವು. ಅದಕ್ಕೂ ಮರುಪರಿಶೀಲನೆ ಕೇಳಬಹುದು, ಆದರೆ ಅಲ್ಲಿ ನಡೆಯುವುದು ಆ ಕಾಲೇಜಿನದ್ದೇ ನಿಯಮ.

ಎಚ್-1ಬಿಯಲ್ಲಿ ಕೆಲಸ ಹೋದವರಿಗೆ ಇನ್ನೊಂದು ಒತ್ತಡ ಇರುತ್ತದೆ. ಗರಿಷ್ಠ 60 ದಿನದ ಗ್ರೇಸ್ ಅವಧಿಯಲ್ಲಿ ಹೊಸ ಕೆಲಸ ಹುಡುಕಬೇಕು, ಇಲ್ಲವೇ ಸ್ಟೇಟಸ್ ಬದಲಿಸಬೇಕು, ಇಲ್ಲವೇ ದೇಶ ಬಿಡಬೇಕು. ಆ ಗಡಿಬಿಡಿಯಲ್ಲಿ ಮಕ್ಕಳ ಏಡ್ ವಿಷಯ ಹಿಂದೆ ಬೀಳುವುದು ಸಹಜ. ಕಾಗದಪತ್ರ ಜೋಡಿಸುವ ಕೆಲಸವನ್ನು ಕಾಲೇಜಿನಲ್ಲಿರುವ ಮಗ ಅಥವಾ ಮಗಳಿಗೇ ವಹಿಸಿ. ಹದಿನೆಂಟು ದಾಟಿದ ಮಕ್ಕಳು ಇದನ್ನು ಚೆನ್ನಾಗಿಯೇ ಮಾಡುತ್ತಾರೆ.

ಕಾಲೇಜು ಯಾವ ಬಗೆಯದು ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಸ್ವಂತ ನಿಧಿ ಚೆನ್ನಾಗಿರುವ ಖಾಸಗಿ ಕಾಲೇಜುಗಳಲ್ಲಿ ಮರುಪರಿಶೀಲನೆಯಿಂದ ದೊಡ್ಡ ಬದಲಾವಣೆ ಬರಬಹುದು. ಇವುಗಳಲ್ಲಿ ಅನೇಕವು ಫಾಫ್ಸಾ ಜೊತೆಗೆ ಕಾಲೇಜ್ ಬೋರ್ಡ್‌ನ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಕೂಡ ಕೇಳುತ್ತವೆ. ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ. ಎಸ್‌ಎಐ ಇಳಿದರೂ ಪೆಲ್ ಗ್ರಾಂಟ್ (ವಾಪಸು ಕೊಡಬೇಕಿಲ್ಲದ ಫೆಡರಲ್ ನೆರವು) ಸಿಗುವಷ್ಟು ಇಳಿಯದಿದ್ದರೆ ಅಲ್ಲಿ ಕೊಡಲು ಹೆಚ್ಚಿನ ಹಣ ಇರುವುದಿಲ್ಲ. ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತ 2025-26ರಲ್ಲಿ 7,395 ಡಾಲರ್. ಅದು ಮುಖ್ಯವಾಗಿ ಕಡಿಮೆ ಆದಾಯದ ಮನೆಗಳಿಗೆ. ಆದರೂ ಕೇಳಿ. ಕೇಳುವುದಕ್ಕೆ ಶುಲ್ಕವಿಲ್ಲ.

ಹಂತ 2: ನಿಮ್ಮ ಕಾರಣ ಯಾವ ಬಗೆಯದು?

ಸುಲಭವಾಗಿ ಅರ್ಥವಾಗುವ ಕಾರಣಗಳು: ಕೆಲಸ ಹೋಗಿದ್ದು, ಸಂಬಳ ಅಥವಾ ಕೆಲಸದ ಗಂಟೆ ಕಡಿಮೆಯಾಗಿದ್ದು, ವಿಚ್ಛೇದನ, ತಂದೆ ಅಥವಾ ತಾಯಿಯ ಸಾವು, ಗಂಭೀರ ಅಂಗವೈಕಲ್ಯ, ಇನ್ಶೂರೆನ್ಸ್ ಕೊಡದ ದೊಡ್ಡ ಆಸ್ಪತ್ರೆ ಖರ್ಚು, ಮನೆಯಲ್ಲಿರುವ ವೃದ್ಧರ ಆರೈಕೆಯ ಖರ್ಚು.

ನಮ್ಮವರ ಮನೆಗಳಲ್ಲಿ ಜಾಸ್ತಿ ಕಾಣುವ, ಆದರೆ ಯಾರೂ ಹೇಳದೆ ಬಿಡುವ ಕಾರಣಗಳೂ ಇವೆ.

ಮೊದಲನೆಯದು ಒಂದೇ ಸಲ ಬಂದ ಆದಾಯ. ಐಟಿ ಕಂಪನಿಯಲ್ಲಿದ್ದವರಿಗೆ ಕಂಪನಿ ಸಂಬಳದ ಜೊತೆ ಕೊಡುವ ಆರ್‌ಎಸ್‌ಯು ಷೇರು ಕೈಗೆ ಬಂದ ವರ್ಷ ಡಬ್ಲ್ಯೂ-2 (ವರ್ಷದ ಸಂಬಳ ತೋರಿಸುವ ಟ್ಯಾಕ್ಸ್ ಫಾರ್ಮ್) ಉಬ್ಬುತ್ತದೆ. ಮೈಸೂರಿನಲ್ಲೋ ಹಾಸನದಲ್ಲೋ ಪಿತ್ರಾರ್ಜಿತ ಜಾಗ ಮಾರಿದ ವರ್ಷ ಕ್ಯಾಪಿಟಲ್ ಗೇನ್ (ಮಾರಾಟದ ಲಾಭ) ಅಮೆರಿಕದ ರಿಟರ್ನ್‌ನಲ್ಲೂ ಕಾಣುತ್ತದೆ. ಕಷ್ಟಕ್ಕೆ ಅಂತ 401(ಕೆ)ಯಿಂದ ತೆಗೆದ ಹಣವೂ ಆದಾಯವಾಗಿಯೇ ಕೂರುತ್ತದೆ. "ಇದು ಪ್ರತಿವರ್ಷ ಬರುವ ಹಣವಲ್ಲ" ಎಂದು ಬರೆದು ತೋರಿಸಿದರೆ ಅಧಿಕಾರಿ ಅದನ್ನು ಲೆಕ್ಕದಿಂದ ತೆಗೆಯಬಹುದು. ಆ ಹಣ ಎಲ್ಲಿ ಹೋಯಿತು ಅಂತ ಖಂಡಿತ ಕೇಳುತ್ತಾರೆ. ಸಾಲ ತೀರಿಸಿದಿರಾ, ಆಸ್ಪತ್ರೆಗೆ ಕಟ್ಟಿದಿರಾ, ಬ್ಯಾಂಕಿನಲ್ಲೇ ಇದೆಯಾ? ಉತ್ತರಕ್ಕೆ ಕಾಗದ ಇರಲಿ.

ಎರಡನೆಯದು ಒಂದೇ ಹೊತ್ತಿಗೆ ಇಬ್ಬರು ಮಕ್ಕಳು ಕಾಲೇಜಿನಲ್ಲಿರುವುದು. 2023-24ರವರೆಗಿನ ಹಳೆಯ ಸೂತ್ರದಲ್ಲಿ ಹೆತ್ತವರ ಪಾಲು ಮಕ್ಕಳಿಗೆ ಹಂಚಿಹೋಗುತ್ತಿತ್ತು. ಹೊಸ ಸೂತ್ರದಲ್ಲಿ ಆ ರಿಯಾಯಿತಿ ಇಲ್ಲ. ಆದರೆ ಏಡ್ ಅಧಿಕಾರಿ ಬೇಕಾದರೆ ಇದನ್ನು ವಿಶೇಷ ಪರಿಸ್ಥಿತಿ ಎಂದು ಪರಿಗಣಿಸಬಹುದು. ಆದಾಯವೂ ಇಳಿದಿದ್ದರೆ ಎರಡನ್ನೂ ಒಂದೇ ಪತ್ರದಲ್ಲಿ ಬರೆಯಿರಿ.

ಮೂರನೆಯದು ಊರಲ್ಲಿರುವ ಅಪ್ಪ ಅಮ್ಮನ ಆಸ್ಪತ್ರೆ ಖರ್ಚು. ಇದು ಕಷ್ಟದ ವಿಷಯ. ನಮಗೆ ಅದು ತಪ್ಪಿಸಲಾಗದ ಕರ್ತವ್ಯ. ಅಲ್ಲಿನ ಅಧಿಕಾರಿಗೆ ಅದು ನೀವಾಗಿ ಕಳಿಸಿದ ಹಣ ಅನ್ನಿಸಬಹುದು. ಹಾಗಾಗಿ ಇದೊಂದನ್ನೇ ನೆಚ್ಚಿಕೊಂಡು ಅರ್ಜಿ ಹಾಕಬೇಡಿ. ಮುಖ್ಯ ಕಾರಣದ ಜೊತೆಗೆ ಇದನ್ನೂ ಸೇರಿಸಿ. ಆಸ್ಪತ್ರೆಯ ಬಿಲ್ಲು ಮತ್ತು ನೀವು ಹಣ ಕಳಿಸಿದ ಬ್ಯಾಂಕ್ ದಾಖಲೆ ಎರಡೂ ಇರಲಿ. ರೂಪಾಯಿ ಮೊತ್ತದ ಪಕ್ಕ ಡಾಲರ್ ಮೊತ್ತ ಬರೆಯಿರಿ. ಕಾಗದ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಿ.

ಕ್ರೆಡಿಟ್ ಕಾರ್ಡ್ ಸಾಲ, ಕಾರಿನ ಕಂತು, ದೊಡ್ಡ ಮನೆಯ ಕಂತು, ಮದುವೆಯ ಖರ್ಚು, ಇವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪತ್ರದಲ್ಲಿ ಇವು ಸೇರಿಕೊಂಡರೆ ನಿಜವಾದ ಕಾರಣವೂ ಮಂಕಾಗುತ್ತದೆ.

ಹಂತ 3: ಈ ವರ್ಷದ ಆದಾಯ ಎಷ್ಟು, ಒಂದು ಸಂಖ್ಯೆಗೆ ಬನ್ನಿ

ಇಡೀ ಕೆಲಸದ ತಿರುಳು ಇದು. ಅಧಿಕಾರಿಗೆ ಬೇಕಾದದ್ದು ಹಳೆಯ ಸಂಖ್ಯೆಯ ಜಾಗದಲ್ಲಿ ಕೂರಿಸಬಹುದಾದ ಹೊಸ ಸಂಖ್ಯೆ. "ತುಂಬಾ ಕಷ್ಟದಲ್ಲಿದ್ದೇವೆ" ಎಂಬ ಮಾತನ್ನು ಯಾವ ಕಾಲಂನಲ್ಲೂ ತುಂಬಲು ಬರುವುದಿಲ್ಲ, ಅಲ್ವಾ?

ಒಂದು ಉದಾಹರಣೆ ನೋಡೋಣ. ಕ್ಯಾಲಿಫೋರ್ನಿಯಾದ ಒಂದು ಕುಟುಂಬ. 2024ರಲ್ಲಿ ಅಪ್ಪನ ಸಂಬಳ 1,40,000 ಡಾಲರ್, ಆರ್‌ಎಸ್‌ಯು 30,000, ಅಮ್ಮನ ಸಂಬಳ 48,000. ಒಟ್ಟು 2,18,000. ಫಾಫ್ಸಾ ನೋಡಿದ್ದು ಇದನ್ನು.

2026ರ ಮಾರ್ಚ್ ಕೊನೆಗೆ ಅಪ್ಪನ ಕೆಲಸ ಹೋಯಿತು. ಆ ವರ್ಷದ ಲೆಕ್ಕ ಹೀಗೆ: ಜನವರಿಯಿಂದ ಮಾರ್ಚ್‌ವರೆಗಿನ ಸಂಬಳ 35,000. ಸೆವರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕಂಪನಿ ಕೊಟ್ಟ ಹಣ, 22,000. ಬಳಸದ ರಜೆಯ ಹಣ 4,000. ನಿರುದ್ಯೋಗ ಭತ್ಯೆ ಆ ರಾಜ್ಯದಲ್ಲಿ ವಾರಕ್ಕೆ ಗರಿಷ್ಠ 450 ಡಾಲರ್, 26 ವಾರಕ್ಕೆ 11,700. ಅಮ್ಮನ ಸಂಬಳ 48,000. ಒಟ್ಟು 1,20,700.

ಇಳಿಕೆ ದೊಡ್ಡದು. ಆದರೆ ಸೆವರೆನ್ಸ್ ಮತ್ತು ಭತ್ಯೆ ಎರಡನ್ನೂ ನೀವೇ ಸೇರಿಸಿದ್ದೀರಿ ಎಂಬುದನ್ನು ಗಮನಿಸಿ. ಇವನ್ನು ಬಿಟ್ಟು 87,000 ಅಂತ ತೋರಿಸಿದರೆ ಅಧಿಕಾರಿ ಸಂಬಳದ ಚೀಟಿ ನೋಡಿದ ತಕ್ಷಣ ಸಿಕ್ಕಿಬೀಳುತ್ತೀರಿ. ನಂಬಿಕೆ ಹೋದರೆ ಅರ್ಜಿಯೂ ಹೋದಂತೆಯೇ. ಎಲ್ಲವನ್ನೂ ಸೇರಿಸಿ, ಆಮೇಲೆ ಒಂದು ಸಾಲು ಬರೆಯಿರಿ: "ಸೆವರೆನ್ಸ್ 22,000 ಒಂದೇ ಸಲದ್ದು, 2027ರಲ್ಲಿ ಇರುವುದಿಲ್ಲ." ಎಷ್ಟು ಲೆಕ್ಕಕ್ಕೆ ಹಿಡಿಯಬೇಕೆಂದು ಅವರು ತೀರ್ಮಾನಿಸುತ್ತಾರೆ.

ಕೆಲವು ಕಾಲೇಜು ಜನವರಿಯಿಂದ ಡಿಸೆಂಬರ್‌ವರೆಗಿನ ಆದಾಯ ಕೇಳುತ್ತವೆ. ಕೆಲವು ಕೆಲಸ ಹೋದ ದಿನದಿಂದ ಹನ್ನೆರಡು ತಿಂಗಳ ಲೆಕ್ಕ ಕೇಳುತ್ತವೆ. ಈ ಎರಡನೆಯ ಬಗೆಯಲ್ಲಿ ಮೇಲಿನ ಕುಟುಂಬದ ಸಂಖ್ಯೆ ಇನ್ನೂ ಕೆಳಗೆ ಬರುತ್ತದೆ. ಫಾರ್ಮ್ ಯಾವುದನ್ನು ಕೇಳುತ್ತಿದೆ ಅಂತ ಸರಿಯಾಗಿ ಓದಿ.

ಆಸ್ತಿಯ ಬಗ್ಗೆಯೂ ಒಂದು ಮಾತು. ನೀವು ವಾಸವಿರುವ ಮನೆ ಮತ್ತು ರಿಟೈರ್ಮೆಂಟ್ ಖಾತೆ ಫಾಫ್ಸಾ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿರುವ ಸೈಟು, ಬಾಡಿಗೆಗೆ ಕೊಟ್ಟ ಫ್ಲಾಟು ಬರುತ್ತವೆ. ಹೊರದೇಶದ್ದು ಅಂತ ಬಿಡುವ ಹಾಗಿಲ್ಲ. ಫಾಫ್ಸಾದಲ್ಲಿ ಬೇಕೆಂದೇ ಸುಳ್ಳು ಹೇಳಿದರೆ 20,000 ಡಾಲರ್‌ವರೆಗೆ ದಂಡ ಅಥವಾ ಜೈಲು, ಅಥವಾ ಎರಡೂ ಆಗಬಹುದು. ಹಿಂದೆ ಬರೆಯದೆ ಬಿಟ್ಟಿದ್ದರೆ ಮರುಪರಿಶೀಲನೆ ಕೇಳುವ ಮುಂಚೆ ಸರಿಪಡಿಸಿ.

ಹಂತ 4: ಕಾಗದಪತ್ರ

ಕೆಲಸ ಹೋದವರಿಗೆ ಸಾಮಾನ್ಯವಾಗಿ ಬೇಕಾಗುವುದು:

- ಕಂಪನಿ ಕೊಟ್ಟ ಲೇಆಫ್ ಪತ್ರ, ಅದರಲ್ಲಿ ಕೊನೆಯ ದಿನ ಇರಬೇಕು
- ವರ್ಷದ ಆರಂಭದಿಂದ ಒಟ್ಟು ಎಷ್ಟು ಬಂತು ಅಂತ ತೋರಿಸುವ ಕೊನೆಯ ಪೇ ಸ್ಟಬ್ (ಸಂಬಳದ ಚೀಟಿ)
- ಸೆವರೆನ್ಸ್ ಒಪ್ಪಂದದಲ್ಲಿ ಮೊತ್ತ ಇರುವ ಪುಟ
- ರಾಜ್ಯದ ನಿರುದ್ಯೋಗ ಭತ್ಯೆಯ ಮಂಜೂರು ಪತ್ರ, ಅಥವಾ ಅರ್ಜಿ ತಿರಸ್ಕಾರವಾದ ಪತ್ರ
- ಇತ್ತೀಚಿನ 1040 (ಆದಾಯ ತೆರಿಗೆ) ರಿಟರ್ನ್ ಮತ್ತು ಎಲ್ಲ ಡಬ್ಲ್ಯೂ-2ಗಳು
- ಕೆಲಸದಲ್ಲಿರುವ ಇನ್ನೊಬ್ಬರ ಪೇ ಸ್ಟಬ್

ಲೇಆಫ್ ಆದ ತಕ್ಷಣ ಕಂಪನಿಯ ಪೋರ್ಟಲ್ ಮುಚ್ಚಿಹೋಗುವುದುಂಟು. ಪೇ ಸ್ಟಬ್ ಮತ್ತು ಹಳೆಯ ಡಬ್ಲ್ಯೂ-2ಗಳನ್ನು ಮೊದಲ ದಿನವೇ ಇಳಿಸಿಟ್ಟುಕೊಳ್ಳಿ. ಆಮೇಲೆ ಕೇಳಿಕೊಂಡು ಅಲೆಯುವುದು ಬೇಜಾರಿನ ಕೆಲಸ.

ಸ್ವಂತ ವ್ಯಾಪಾರ ಇರುವವರಿಗೆ ಲೇಆಫ್ ಪತ್ರ ಇರುವುದಿಲ್ಲ. ಅವರು ತಿಂಗಳುವಾರು ಲಾಭ ನಷ್ಟದ ಪಟ್ಟಿ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಕೊಡಬೇಕು. ಸಾವು, ವಿಚ್ಛೇದನದ ಸಂದರ್ಭದಲ್ಲಿ ಅದರದರ ಪ್ರಮಾಣಪತ್ರ ಅಥವಾ ಕೋರ್ಟ್ ಆದೇಶ ಸಾಕು.

ನಿಮ್ಮ ಫಾಫ್ಸಾ ವೆರಿಫಿಕೇಷನ್‌ಗೆ (ಬರೆದ ವಿವರ ಸರಿಯಿದೆಯೇ ಎಂಬ ತಪಾಸಣೆಗೆ) ಆಯ್ಕೆಯಾಗಿದ್ದರೆ ಅದು ಮುಗಿಯುವ ತನಕ ಲೆಕ್ಕ ತಿದ್ದಲು ಬರುವುದಿಲ್ಲ. ಪೋರ್ಟಲ್‌ನಲ್ಲಿ ಅಂಥ ಸೂಚನೆ ಇದೆಯಾ ಅಂತ ನೋಡಿ, ಮೊದಲು ಅದನ್ನು ಮುಗಿಸಿ. ಎಷ್ಟೋ ಅರ್ಜಿ ತಿಂಗಳುಗಟ್ಟಲೆ ಅಲುಗಾಡದೆ ಕೂರುವುದು ಇಲ್ಲೇ.

ಹಂತ 5: ಪತ್ರ

ಒಂದು ಪುಟ ಸಾಕು. ಏನಾಯಿತು, ಯಾವಾಗ, ಆದಾಯ ಎಷ್ಟರಿಂದ ಎಷ್ಟಕ್ಕೆ ಬಂತು, ಏನು ಕೇಳುತ್ತಿದ್ದೀರಿ. ಇದೇ ಅನುಕ್ರಮದಲ್ಲಿ ಬರೆಯಿರಿ. ಕಂಪನಿಯನ್ನು ಬೈಯಬೇಡಿ, ಬೇರೆ ಮಕ್ಕಳಿಗೆ ಸಿಕ್ಕಿದ್ದರ ಜೊತೆ ಹೋಲಿಸಬೇಡಿ. ಮಗಳ ಅಂಕಗಳನ್ನು ಹೊಗಳುವ ಅಗತ್ಯವೂ ಇಲ್ಲ. ಇದು ಮೆರಿಟ್ ಸ್ಕಾಲರ್‌ಶಿಪ್ ಅರ್ಜಿಯಲ್ಲ. ಕಳಿಸುವುದು ಇಂಗ್ಲಿಷಿನಲ್ಲಿ. ಆದರೆ ಒಳಗಿನ ವಿಷಯ ಹೀಗಿರಬೇಕು:

"ನನ್ನ ಮಗಳು ನಿಮ್ಮಲ್ಲಿ ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ಅವಳ ಹೆಸರು ಮತ್ತು ಐಡಿ ಸಂಖ್ಯೆ ಮೇಲಿದೆ. 2026ರ ಮಾರ್ಚ್ 31ರಂದು ನನ್ನ ಕೆಲಸ ಹೋಯಿತು. ಅವಳ 2026-27ರ ಫಾಫ್ಸಾದಲ್ಲಿ ನಮ್ಮ 2024ರ ಆದಾಯ 2,18,000 ಡಾಲರ್ ಇದೆ. 2026ರಲ್ಲಿ ನಮ್ಮ ಒಟ್ಟು ಆದಾಯ 1,20,700 ಡಾಲರ್ ಆಗಬಹುದು. ಇದರಲ್ಲಿ 22,000 ಒಂದೇ ಸಲ ಬಂದ ಸೆವರೆನ್ಸ್. ವಿವರವಾದ ಲೆಕ್ಕ ಮತ್ತು ದಾಖಲೆಗಳನ್ನು ಲಗತ್ತಿಸಿದ್ದೇನೆ. ವಿಶೇಷ ಪರಿಸ್ಥಿತಿಯ ಆಧಾರದ ಮೇಲೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಬಳಸಿ ಅವಳ ನೆರವನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಈಗಿನ ನೆರವಿನಲ್ಲಿ ನಮಗೆ ವರ್ಷಕ್ಕೆ ಇಷ್ಟು ಡಾಲರ್ ಹೊಂದಿಸಲು ಆಗುತ್ತಿಲ್ಲ. ಹೊಸ ಕೆಲಸ ಸಿಕ್ಕರೆ ತಕ್ಷಣ ತಿಳಿಸುತ್ತೇನೆ."

'ಇಷ್ಟು ಡಾಲರ್' ಇರುವ ಕಡೆ ನಿಜವಾದ ಮೊತ್ತ ಬರೆಯಿರಿ. ತುಂಬಾ ಜನ ಇದನ್ನು ಬರೆಯುವುದಿಲ್ಲ. ನಿಮಗೆ 9,000 ಕಡಿಮೆ ಬಿದ್ದಿದೆ ಅಂತ ಗೊತ್ತಿದ್ದರೆ ಅಧಿಕಾರಿಗೆ ಯೋಚಿಸಲು ಒಂದು ಗುರಿ ಸಿಗುತ್ತದೆ.

ಹಂತ 6: ಸಲ್ಲಿಸುವುದು, ಬೆನ್ನು ಹತ್ತುವುದು

ಕಾಲೇಜಿನ ಏಡ್ ಆಫೀಸಿನ ಪುಟದಲ್ಲಿ 'ಸ್ಪೆಷಲ್ ಸರ್ಕಮ್‌ಸ್ಟಾನ್ಸಸ್' ಅಥವಾ 'ಅಪೀಲ್' ಎಂಬ ಫಾರ್ಮ್ ಹುಡುಕಿ. ಇದ್ದರೆ ಅದನ್ನೇ ತುಂಬಿ, ಪತ್ರವನ್ನು ಜೊತೆಗೆ ಸೇರಿಸಿ. ದಾಖಲೆಗಳನ್ನು ವಿದ್ಯಾರ್ಥಿಯ ಪೋರ್ಟಲ್ ಮೂಲಕವೇ ಹಾಕಿ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಕಾಗದವನ್ನು ಸಾದಾ ಇಮೇಲ್‌ನಲ್ಲಿ ಕಳಿಸಬೇಡಿ.

ಅಪ್ಪ ಅಮ್ಮ ಫೋನ್ ಮಾಡಿದರೆ ಆಫೀಸಿನವರು ಮಾತಾಡಲು ಹಿಂಜರಿಯಬಹುದು. ಅದು ಅಸಡ್ಡೆಯಲ್ಲ. 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಯ ಹಕ್ಕು ವಿದ್ಯಾರ್ಥಿಯದು. ಮಗ ಒಂದು ಒಪ್ಪಿಗೆ ಫಾರ್ಮಿಗೆ ಸಹಿ ಹಾಕಿದರೆ ನಿಮ್ಮ ಜೊತೆ ಮಾತಾಡುತ್ತಾರೆ. ಇಲ್ಲವೇ ಅವನೇ ಆಫೀಸಿಗೆ ಹೋಗಿ ಕೇಳಲಿ, ಮುಖಾಮುಖಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಯಾವಾಗ ಕೇಳಬೇಕು? ಮೊದಲ ವರ್ಷಕ್ಕೆ ಸೇರುವವರಾದರೆ ಆಫರ್ ಕೈಗೆ ಬಂದ ಕೂಡಲೇ, ಮೇ 1ರ ಗಡುವಿಗೆ ಮುಂಚೆ ಉತ್ತರ ಸಿಗುವ ಹಾಗೆ. ಈಗಾಗಲೇ ಓದುತ್ತಿರುವವರು ಕಾಗದ ಕೈಗೆ ಬಂದ ತಕ್ಷಣ ಕೇಳಿ. ಸೆಮಿಸ್ಟರ್ ಮಧ್ಯದಲ್ಲೂ ಕೇಳಬಹುದು. ಆದರೆ ಕಾಲೇಜಿನ ಸ್ವಂತ ಹಣ ವರ್ಷದ ಕೊನೆಗೆ ಬರಿದಾಗಿರಬಹುದು.

ಉತ್ತರಕ್ಕೆ ಕಾಯುವಾಗ ಬಿಲ್ಲಿನ ಗಡುವು ನಿಲ್ಲುವುದಿಲ್ಲ. ಬಿಲ್ಲು ವಸೂಲಿ ಮಾಡುವ ಬರ್ಸರ್ ಆಫೀಸಿಗೆ ಬೇರೆಯಾಗಿ ಬರೆದು, ಅರ್ಜಿ ಪರಿಶೀಲನೆಯಲ್ಲಿದೆ, ತಡವಾದರೆ ದಂಡ ಮತ್ತು ರಿಜಿಸ್ಟ್ರೇಷನ್ ಹೋಲ್ಡ್ (ಮುಂದಿನ ಕೋರ್ಸಿಗೆ ಹೆಸರು ನೋಂದಾಯಿಸಲು ತಡೆ) ಹಾಕಬೇಡಿ ಎಂದು ಕೇಳಿ. ತಿಂಗಳ ಕಂತಿನ ಪೇಮೆಂಟ್ ಪ್ಲಾನ್ ಇದ್ದರೆ ಸೇರಿಕೊಳ್ಳಿ. ಎರಡು ಆಫೀಸುಗಳು ಒಂದಕ್ಕೊಂದು ಹೇಳಿಕೊಳ್ಳುತ್ತವೆ ಅಂತ ನಂಬಿ ಕೂರಬೇಡಿ.

ಉತ್ತರ ಬಂದ ಮೇಲೆ

ಒಪ್ಪಿದರೆ ಹೊಸ ಆಫರ್ ಬರುತ್ತದೆ. ಒಟ್ಟು ಮೊತ್ತ ನೋಡಿ ಖುಷಿಪಡುವ ಮುಂಚೆ ಗ್ರಾಂಟ್ ಎಷ್ಟು, ಸಾಲ ಎಷ್ಟು ಅಂತ ಬೇರೆ ಮಾಡಿ. ಗ್ರಾಂಟ್ ವಾಪಸು ಕೊಡಬೇಕಿಲ್ಲ. ಹೆತ್ತವರನ್ನು ಅವಲಂಬಿಸಿದ ವಿದ್ಯಾರ್ಥಿಗೆ ಫೆಡರಲ್ ಡೈರೆಕ್ಟ್ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರ್‌ವರೆಗೆ. ಎಸ್‌ಎಐ ಇಳಿದಾಗ ಇದರಲ್ಲಿ ಒಂದು ಭಾಗ ಸಬ್ಸಿಡೈಸ್ಡ್ ಆಗಬಹುದು, ಅಂದರೆ ಓದುವಷ್ಟು ದಿನ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಅದೂ ಲಾಭವೇ.

ಪೇರೆಂಟ್ ಪ್ಲಸ್ ಅಂತ ಕಂಡರೆ ಅದು ನಿಮ್ಮ ಹೆಸರಿನ ಸಾಲ. ಕೆಲಸ ಇಲ್ಲದ ಹೊತ್ತಿನಲ್ಲಿ ಅದಕ್ಕೆ ಸಹಿ ಹಾಕುವುದು ನನ್ನ ದೃಷ್ಟಿಯಲ್ಲಿ ಕೊನೆಯ ದಾರಿ. 2026ರ ಜುಲೈ 1ರಿಂದ ಹೊಸದಾಗಿ ತೆಗೆದುಕೊಳ್ಳುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿಯೂ ಬಂದಿದೆ. ಕ್ರೆಡಿಟ್ ಕಾರಣಕ್ಕೆ ಈ ಸಾಲ ತಿರಸ್ಕಾರವಾದರೆ ವಿದ್ಯಾರ್ಥಿಗೇ ಮೊದಲ ಎರಡು ವರ್ಷ ತಲಾ 4,000, ಮುಂದೆ 5,000 ಡಾಲರ್ ಹೆಚ್ಚಿಗೆ ಸಾಲ ಸಿಗುತ್ತದೆ. ಇದನ್ನು ಏಡ್ ಆಫೀಸಿನಲ್ಲಿ ಕೇಳಿಯೇ ಪಡೆಯಬೇಕು.

ಒಪ್ಪದಿದ್ದರೆ ಕಾರಣ ಕೇಳಿ, ವಿನಯದಿಂದ, ಬರಹದಲ್ಲಿ. ದಾಖಲೆ ಸಾಲದೆ ತಿರಸ್ಕರಿಸಿದ್ದರೆ ದಾಖಲೆ ಕೊಟ್ಟು ಮತ್ತೆ ಕೇಳಬಹುದು. ಭತ್ಯೆ ಮುಗಿದುಹೋಯಿತು, ಇನ್ನೊಬ್ಬರ ಕೆಲಸವೂ ಹೋಯಿತು ಅಂದರೆ ಅದು ಹೊಸ ಕಾರಣ. ಕಾಲೇಜಿನ ತೀರ್ಮಾನದ ಮೇಲೆ ಫೆಡರಲ್ ಶಿಕ್ಷಣ ಇಲಾಖೆಗೆ ಮೇಲ್ಮನವಿ ಹೋಗಲು ಬರುವುದಿಲ್ಲ. ಆದರೆ ತುರ್ತು ಗ್ರಾಂಟ್, ವರ್ಕ್-ಸ್ಟಡಿ (ಓದಿನ ಜೊತೆಗೆ ಸಂಬಳದ ಅರೆಕಾಲಿಕ ಕೆಲಸ), ವಿಭಾಗದ ಸ್ಕಾಲರ್‌ಶಿಪ್ ಇವಕ್ಕೆ ಬೇರೆಯಾಗಿ ಕೇಳಬಹುದು. ಕ್ಯಾಲಿಫೋರ್ನಿಯಾದ ಕ್ಯಾಲ್ ಗ್ರಾಂಟ್, ನ್ಯೂಜೆರ್ಸಿಯ ಟ್ಯಾಗ್ ತರಹದ ರಾಜ್ಯದ ನೆರವು ಬೇರೆ ಸಂಸ್ಥೆಗಳ ಕೈಯಲ್ಲಿದೆ. ಅಲ್ಲಿಗೂ ತಿಳಿಸಬೇಕಾ ಅಂತ ಏಡ್ ಆಫೀಸಿನಲ್ಲೇ ವಿಚಾರಿಸಿ.

ಒಂದು ಕಾಲೇಜು ಒಪ್ಪಿದ್ದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಇಬ್ಬರು ಮಕ್ಕಳು ಎರಡು ಕಾಲೇಜಿನಲ್ಲಿದ್ದರೆ ಎರಡು ಅರ್ಜಿ. ಬೇರೆ ಕಾಲೇಜಿಗೆ ವರ್ಗಾವಣೆಯಾದರೆ ಮತ್ತೆ ಮೊದಲಿಂದ. ಒಂದು ವರ್ಷ ಒಪ್ಪಿದ್ದು ಮುಂದಿನ ವರ್ಷಕ್ಕೆ ತಾನಾಗಿ ಮುಂದುವರಿಯುವುದೂ ಇಲ್ಲ. ನಮ್ಮ ಉದಾಹರಣೆಯ ಕುಟುಂಬ 2027-28ಕ್ಕೂ ಹೊಸದಾಗಿ ಕೇಳಬೇಕು, ಏಕೆಂದರೆ ಆಗ ಫಾಫ್ಸಾ ನೋಡುವುದು 2025ರ ಪೂರ್ತಿ ಸಂಬಳವನ್ನು. ಆ ಹೊತ್ತಿಗೆ 2026ರ ರಿಟರ್ನ್ ಮತ್ತು ಭತ್ಯೆ ಎಷ್ಟು ಬಂತೆಂದು ತೋರಿಸುವ 1099-ಜಿ ಫಾರ್ಮ್ ಕೈಯಲ್ಲಿರುತ್ತವೆ. ಅಂದಾಜಿನ ಬದಲು ನಿಜವಾದ ಅಂಕಿಯನ್ನೇ ತೋರಿಸಬಹುದು. ಆ ಅರ್ಜಿ ಮೊದಲಿನದಕ್ಕಿಂತ ಗಟ್ಟಿಯಾಗಿರುತ್ತದೆ.

ಪರಿಶೀಲನೆ ನಡೆಯುತ್ತಿರುವಾಗಲೇ ಹೊಸ ಕೆಲಸ ಸಿಕ್ಕರೆ ಆಫರ್ ಲೆಟರ್ ಸಮೇತ ಆಫೀಸಿಗೆ ತಿಳಿಸಿ, ಸಂಬಳ ಮೊದಲಿಗಿಂತ ಕಡಿಮೆಯಿದ್ದರೆ ಅದನ್ನೇ ಹೊಸ ಆಧಾರವಾಗಿಟ್ಟು ಲೆಕ್ಕ ತಿದ್ದಿ ಕಳಿಸಿ. ಕೆಲಸ ಸಿಕ್ಕಿತು ಅಂತ ಅರ್ಜಿ ವಾಪಸು ಪಡೆಯಬೇಡಿ, ಕೆಲಸವಿಲ್ಲದೆ ಕಳೆದ ತಿಂಗಳುಗಳ ನಷ್ಟವೂ ಆ ವರ್ಷದ ಆದಾಯದಲ್ಲಿ ಸೇರಿಯೇ ಇರುತ್ತದೆ.